ಸಾನಮಾವಿಗೆ ಮಗಳನ್ನು ಕರೆದುಕೊಂಡು ಹೋದದ್ದು

ಲಿಂಟ್ಸ್ ನಿಲ್ದಾಣದಲ್ಲಿ ಬೆಳಗಿನ ಏಳರ ರೈಲು ಹತ್ತಿದಾಗ ಹೊರಗೆ ಮೈನಸ್ ಆರು ಡಿಗ್ರಿ. ೨೦೦೬ರ ಡಿಸೆಂಬರ್. ಜೊತೆಗೆ ಎಂಟು ವರ್ಷದ ಮಗಳು ಲೀಲಾ, ಎರಡು ಸೂಟ್‌ಕೇಸು, ಒಂದು ಚೀಲದ ತುಂಬ ಚಾಕೊಲೇಟು. ಹೆಂಡತಿ ಇಂಗ್ರಿಡ್ ಆಸ್ಪತ್ರೆಯಲ್ಲಿ ನರ್ಸ್. ಕ್ರಿಸ್‌ಮಸ್ ಹೊತ್ತಿಗೆ ಅವಳಿಗೆ ರಜೆ ಸಿಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈ ಬೀಸಿ, ಗಾಜಿನ ಆಚೆಯಿಂದ ಮಗಳಿಗೆ ಮಫ್ಲರ್ ಬಿಗಿಯಾಗಿ ಸುತ್ತಿಕೊಳ್ಳಲು ಸನ್ನೆ ಮಾಡಿದಳು.

ನಾನು ಆಸ್ಟ್ರಿಯಾಕ್ಕೆ ಹೋಗಿ ಹನ್ನೊಂದು ವರ್ಷವಾಗಿತ್ತು. ಹೊಸೂರಿನ ಫ್ಯಾಕ್ಟರಿಯೊಂದರ ಟೂಲ್‌ರೂಮಿನಲ್ಲಿದ್ದವನನ್ನು ಹೊಸ ಯಂತ್ರ ಕಲಿತು ಬಾ ಎಂದು ಆರು ತಿಂಗಳಿಗೆ ಕಳಿಸಿದ್ದರು. ಮುಂದೆ ಕೆಲಸ, ಮದುವೆ ಎಲ್ಲ ಅಲ್ಲಿಯೇ ಆಯಿತು. ಮನೆಯಲ್ಲಿ ಜರ್ಮನ್ ಮಾತು. ಮಗಳಿಗೆ ಕನ್ನಡ ಕಲಿಸಬೇಕೆಂದು ನಾನು ಪಟ್ಟ ಪಾಡು ಒಂದೆರಡಲ್ಲ. ಫ್ರಿಜ್ಜಿನ ಮೇಲೆ ‘ಹಾಲು’, ಕನ್ನಡಿಯ ಮೇಲೆ ‘ಮುಖ’, ಬಾಗಿಲ ಮೇಲೆ ‘ಬಾಗಿಲು’ ಎಂದು ಚೀಟಿ ಅಂಟಿಸಿದ್ದೆ. ಪ್ರತಿ ಶನಿವಾರ ಒಂದು ಗಂಟೆ ಪಾಠ. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಹೇಳುತ್ತಿದ್ದಳು. ಒಂದು ಪೂರ್ತಿ ಕನ್ನಡ ವಾಕ್ಯ ಮಾತ್ರ ಬಾಯಿಂದ ಬರಲಿಲ್ಲ. ನಮ್ಮ ಬೀದಿಯ ಪಾರ್ಕಿನಲ್ಲಿ ಟರ್ಕಿಯ ಬ್ರೆಡ್ ಅಂಗಡಿಯವನು ತನ್ನ ಮೂರು ಮಕ್ಕಳನ್ನು ಕರೆತರುತ್ತಿದ್ದ. ಆ ಮಕ್ಕಳು ಅಪ್ಪನ ಜೊತೆ ಟರ್ಕಿ ಭಾಷೆಯಲ್ಲಿ ಜಗಳವಾಡುವುದನ್ನು ಬೆಂಚಿನ ಮೇಲೆ ಕೂತು ಕೇಳುತ್ತಿದ್ದೆ. ಹೊಟ್ಟೆಕಿಚ್ಚು ಪಡುವುದನ್ನು ನಾನು ಕಲಿತದ್ದು ಆ ಬೆಂಚಿನ ಮೇಲೆ.

ವಿಯೆನ್ನಾಕ್ಕೆ ಒಂದೂಮುಕ್ಕಾಲು ಗಂಟೆ, ಅಲ್ಲಿಂದ ವಿಮಾನ, ಮುಂಬೈಯಲ್ಲಿ ಐದು ಗಂಟೆ ಕಾದು ಮತ್ತೊಂದು ವಿಮಾನ. ಮರುದಿನ ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನಲ್ಲಿ ಇಳಿದೆವು. ಹೊರಗೆ ನನ್ನ ಅಕ್ಕ ಗೌರಕ್ಕನ ಗಂಡ ಮುನಿರಾಜು ಭಾವ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನ ಕೆಲಸ, ಮಿಕ್ಕ ಹೊತ್ತು ಸಾನಮಾವಿನಲ್ಲಿ ಎರಡು ಎಕರೆ ಬೇಸಾಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಜ ಹೇಳಬೇಕೆಂದರೆ, ಅಕ್ಕನಿಗೆ ಇನ್ನೂ ಒಳ್ಳೆಯ ಗಂಡು ಸಿಗಬಹುದಿತ್ತು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ.

ಟ್ಯಾಕ್ಸಿಯವನು ಸಾನಮಾವಿಗೆ ಒಂಬೈನೂರು ಕೇಳಿದ. ಭಾವ ಅವನ ಹೆಗಲ ಮೇಲೆ ಕೈಹಾಕಿ ತೆಲುಗಿನಲ್ಲಿ ಏನೋ ಹೇಳಿ ನಗಿಸಿ ಏಳುನೂರಕ್ಕೆ ಒಪ್ಪಿಸಿದ. ದಾರಿಯಲ್ಲಿ ಮಗಳ ಹೆಸರು ಕೇಳಿದ. ಅವಳು ಹೆಸರು ಹೇಳಿ, ತನ್ನ ಕಷ್ಟವನ್ನೂ ನನ್ನ ಕಿವಿಯಲ್ಲಿ ಜರ್ಮನ್‌ನಲ್ಲಿ ಉಸುರಿದಳು. ನಾನು ಭಾವನಿಗೆ ವಿವರಿಸಿದೆ: ಜರ್ಮನ್‌ನಲ್ಲಿ ಲೀಲಾ ಅಂದರೆ ನೇರಳೆ ಬಣ್ಣ, ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ.

ಭಾವ ಹಿಂದಕ್ಕೆ ತಿರುಗಿ ಅವಳನ್ನೇ ನೋಡಿದ. “ಅಂಗಾದ್ರೆ ನೀನು ನೇರ್ಳಣ್ಣು ಕಣಮ್ಮಿ. ತಿಂದ್ರೆ ನಾಲ್ಗೆ ಎಲ್ಲ ಬಣ್ಣ.” ಎಂದು ತನ್ನ ನಾಲಿಗೆ ಚಾಚಿ ತೋರಿಸಿದ.

ಲೀಲಾ ಬಿದ್ದು ಬಿದ್ದು ನಕ್ಕಳು. ಎಂಟು ವರ್ಷ ಆ ಹೆಸರು ಹಿಡಿದು ಕರೆದ ನನಗೆ ನೇರಳೆ ಹಣ್ಣು ಒಂದು ದಿನವೂ ನೆನಪಾಗಿರಲಿಲ್ಲ.

ಹೊಸೂರಿನಿಂದ ರಾಯಕೋಟೆ ರಸ್ತೆಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಕಾಡು ಶುರುವಾಗುತ್ತದೆ. ಆ ಅಂಚಿನಲ್ಲೇ ಅಕ್ಕನ ಮನೆ. ಮುಂದೆ ರಾಗಿ ಕಣ, ಹಿಂದೆ ಅವರೆ ಹೊಲ. ಬೆಳಗಿನ ಮಂಜು ಒಂಬತ್ತು ಗಂಟೆಯವರೆಗೂ ಏಳುತ್ತಿರಲಿಲ್ಲ. ಗೌರಕ್ಕ ಮೊದಲ ದಿನವೇ ಹಿತುಕಿದ ಬೇಳೆ ಸಾರು, ಮುದ್ದೆ ಮಾಡಿದಳು. ಲಿಂಟ್ಸ್‌ನಲ್ಲಿ ಹನ್ನೊಂದು ಚಳಿಗಾಲ ಈ ಸಾರಿನ ವಾಸನೆ ನೆನೆದು ಮಲಗಿದವನು ನಾನು. ಆದರೆ ಮೂರನೆಯ ಮುದ್ದೆ ಕೇಳಿದವಳು ನನ್ನ ಮಗಳು. ನುಂಗುವುದನ್ನು ಭಾವ ಕಲಿಸಿಕೊಟ್ಟಿದ್ದ.

ಭಾವ ಎಂದೂ ಪಾಠ ಮಾಡಲಿಲ್ಲ. ಮೂರೂವರೆಗೆ ಶಿಫ್ಟ್ ಮುಗಿಸಿ ಬರುತ್ತಿದ್ದ. ಅವಳು ಅವನ ಹಿಂದೆ ಹೊಲ, ಕಣ, ಕೊಟ್ಟಿಗೆ ಎಂದು ಸುತ್ತುತ್ತಿದ್ದಳು. ಅವನು ದೊಡ್ಡವರ ಹತ್ತಿರ ಮಾತಾಡಿದ ಹಾಗೆ ಅವಳ ಮುಂದೆ ಫ್ಯಾಕ್ಟರಿ ಸೂಪರ್‌ವೈಸರನನ್ನು ಬೈಯುತ್ತಿದ್ದ, ಎಲೆಕೋಸಿನ ಹುಳದ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದ. ಮೂರನೆಯ ದಿನ ಅವನು ಮೊಪೆಡ್ ಸ್ಟಾರ್ಟ್ ಮಾಡಿದಾಗ ಅವಳು ಜಗಲಿಯಿಂದ ಓಡಿದಳು.

“ಮಾಮಾ, ನಿಂತ್ಕೋ! ನಾನೂ ಬತ್ತೀನಿ!”

ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಒಂದು ಕ್ಷಣ ಹಿಗ್ಗಿದೆ. ಮರುಕ್ಷಣ ನನ್ನ ಬಾಯಿಂದ ಬಂದದ್ದು ಇದು: “ಬತ್ತೀನಿ ಅಲ್ಲ ಲೀಲಾ. ಬರುತ್ತೇನೆ ಅನ್ನು.”

ಅವಳು ತಟ್ಟನೆ ಬಾಯಿ ಮುಚ್ಚಿದಳು. ಭಾವ ಮೊಪೆಡ್ ಆರಿಸಿ ಮೆಲ್ಲಗೆ ಹೇಳಿದ, “ಯಾಕ್ಲಾ ಸೀನ, ಆಡ್ಲಿ ಬುಡು. ಆಮ್ಯಾಕೆ ನೆಟ್ಗೆ ಮಾಡ್ಕೊಂಡ್ರಾಯ್ತು.”

ಸರಿಯಾದ ಕನ್ನಡ ಕಲಿಯಲಿ ಎಂದು ತಿದ್ದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದೇ ಮಾತನ್ನು ನನಗೆ ಹೇಳಿದ್ದರೆ ನಾನು ತಿದ್ದುತ್ತಿರಲಿಲ್ಲ, ಕುಣಿಯುತ್ತಿದ್ದೆ.

ಭಾನುವಾರ ನನ್ನ ಹೊಟ್ಟೆ ಕೆಟ್ಟಿತು. ಭಾವ ಅವಳನ್ನು ತಳಿ ಊರಿನ ಕಡೆ ಹೋಗುವ ಬಸ್ಸಿನಲ್ಲಿ ಜವಳಗಿರಿಗೆ ಕರೆದುಕೊಂಡು ಹೋದ. ಅಲ್ಲಿ ಅವನ ಸ್ನೇಹಿತನ ಹೊಲದಲ್ಲಿ ಹಿಂದಿನ ದಿನ ಆನೆ ಇಳಿದು ರಾಗಿ ತುಳಿದಿದ್ದವು. ಸಂಜೆ ಹಿಂತಿರುಗಿದವಳು ಅಡಿಗೆಮನೆಯಲ್ಲಿ ಅಕ್ಕನ ಮುಂದೆ ಕೂತು ಕಥೆ ಹೇಳುವುದು ನನ್ನ ಹಾಸಿಗೆಗೆ ಕೇಳುತ್ತಿತ್ತು. “ಅತ್ತೆ, ಆನೆ ಕಾಲು ಇಷ್ಟ್ ದಪ್ಪ! ನಾನು ಅದ್ರೊಳ್ಗೆ ಕೂತ್ಕೊಂಡೆ. ಅಲ್ಲೊಂದಜ್ಜಿ ನಂಗೆ ಬೆಲ್ಲ ಕೊಟ್ರು. ಇನ್ನೊಂದಜ್ಜಿ ತಮಿಳು, ಪಾಪ ಅವ್ರು ಅಳ್ತಿದ್ರು.” ಆನೆಯ ಹೆಜ್ಜೆ ಗುರುತಿನ ಗುಂಡಿಯೊಳಗೆ ಕೂತಿದ್ದಳಂತೆ. ನಾನು ಎದ್ದು ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋದೆ. ನನ್ನನ್ನು ನೋಡಿದ್ದೇ ತಡ, ಕಥೆಯ ಮಿಕ್ಕ ಭಾಗ ಜರ್ಮನ್‌ನಲ್ಲಿ ಮುಂದುವರಿಯಿತು.

ಅದಾದ ಎರಡನೆಯ ದಿನ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಮೂವರೂ ಸೇರಿ ಕೃಷ್ಣಗಿರಿ ಅಣೆಕಟ್ಟಿಗೆ ಬುಧವಾರ ಹೋಗುವುದು ಎಂದು ಮಾತಾಗಿತ್ತು. ಭಾವ ಅದಕ್ಕಾಗಿ ರಜೆ ಹಾಕಿದ್ದ. ಮಂಗಳವಾರ ಬೆಳಿಗ್ಗೆ ಅವನು ಶಿಫ್ಟಿಗೆ ಹೋದ ಮೇಲೆ ನಾನು ಲೀಲಾಳಿಗೆ ಬೂಟು ಹಾಕಿಸಿದೆ.

“ಇವತ್ತೇನ್ಲಾ? ನಾಳೀಕಲ್ವಾ?” ಎಂದಳು ಅಕ್ಕ.

“ನಾಳೆ ಬೇರೆ ಕೆಲಸ ಇದೆ ಅಕ್ಕ. ಭಾವಂಗೆ ಹೇಳಿದ್ದೀನಿ” ಎಂದೆ. ದಾರಿಯಲ್ಲಿ ಮಗಳು ಮಾಮ ಎಲ್ಲಿ ಎಂದು ಕೇಳಿದಳು. ಮಾಮನಿಗೆ ಬರಲು ಇಷ್ಟವಿಲ್ಲವಂತೆ ಎಂದು ಜರ್ಮನ್‌ನಲ್ಲಿ ಹೇಳಿದೆ.

ಹೊಸೂರಿಗೆ ಹೋಗಿ ಅಲ್ಲಿಂದ ಹೆದ್ದಾರಿಯ ಬಸ್ಸು ಹಿಡಿದೆವು. ಐವತ್ತು ಕಿಲೋಮೀಟರಿಗೆ ಇಪ್ಪತ್ತು ರೂಪಾಯಿಗೂ ಕಡಿಮೆ ಟಿಕೆಟು. ಲಿಂಟ್ಸ್‌ನಲ್ಲಿ ಆ ದುಡ್ಡಿಗೆ ಟ್ರಾಮಿನ ಒಂದು ಸ್ಟಾಪೂ ಇಲ್ಲ. ಶೂಳಗಿರಿ ದಾಟುತ್ತಲೇ ಬಂಡೆಯ ಗುಡ್ಡಗಳು ರಸ್ತೆಯ ಎರಡೂ ಕಡೆ ಹತ್ತಿರ ಬಂದವು. ನಾನು ಕಿಟಕಿಯಿಂದ ತೋರಿಸಿದ್ದೇ ತೋರಿಸಿದ್ದು: ಇದು ಬೆಟ್ಟ, ಇದು ಮಾವಿನ ತೋಪು, ಇದು ಕೋಟೆ. ಅವಳು ತಲೆ ಆಡಿಸಿದಳು. ಅಣೆಕಟ್ಟಿನ ಬಳಿ ಬಿಸಿಲು ಚುರುಗುಟ್ಟುತ್ತಿತ್ತು. ಸಾಲಾಗಿ ಮೀನು ಕರಿಯುವ ಅಂಗಡಿಗಳು. ಒಬ್ಬ ಹೆಂಗಸು ಎಲೆಯ ಮೇಲೆ ಕೆಂಪು ಮಸಾಲೆಯ ಮೀನು ಇಟ್ಟುಕೊಟ್ಟು, ಮಗುವಿನ ಗಲ್ಲ ಹಿಡಿದು, “ಎಂದ ಊರು ಕಣ್ಣು?” ಎಂದು ತಮಿಳಿನಲ್ಲಿ ಊರು ಕೇಳಿದಳು.

“ಸಾನಮಾವು” ಎಂದಳು ನನ್ನ ಮಗಳು, ಹುಟ್ಟಿ ಬೆಳೆದವಳ ಹಾಗೆ.

ಅಷ್ಟೇ. ಅಲ್ಲಿದ್ದಷ್ಟು ಹೊತ್ತೂ ಅವಳು ಜೋರಾಗಿ ಆಡಿದ ಮಾತು ಅದೊಂದೇ. ನನಗೆ ಬೇಕಾಗಿದ್ದ ಹಾಗೆ ಅವಳು ಪೂರ್ತಿ ನನ್ನವಳಾಗಿದ್ದಳು, ಪಕ್ಕದಲ್ಲಿ ಕೂತು ಮೀನಿನ ಮುಳ್ಳು ಬಿಡಿಸುತ್ತಿದ್ದಳು.

ವಾಪಸು ರಾಯಕೋಟೆಯ ಮೇಲೆ ಬರುವ ಬಸ್ಸು ಹತ್ತಿದೆವು. ಅದು ನಮ್ಮನ್ನು ಸಾನಮಾವಿನಲ್ಲೇ ಇಳಿಸುತ್ತದೆ. ಉದ್ದನಪಳ್ಳಿ ದಾಟಿ ಕಾಡಿನ ಅಂಚಿಗೆ ಬಂದಾಗ ಐದು ಗಂಟೆ. ಮುಂದೆ ಲಾರಿಗಳ ಸಾಲು ನಿಂತಿತ್ತು. ಕಂಡಕ್ಟರು ಬಾಗಿಲು ಎಳೆದುಕೊಂಡು, “ಯಾನೈ ಇರುಕ್ಕು, ಯಾರುಂ ಇರಂಗಾದೀಂಗ!” ಎಂದು ಕೂಗಿದ. ಆನೆ ಇದೆ, ಯಾರೂ ಇಳಿಯಬೇಡಿ. ಬಸ್ಸಿನವರೆಲ್ಲ ಎಡಗಡೆಯ ಕಿಟಕಿಗಳಿಗೆ ಮುಗಿಬಿದ್ದರು.

ಆಗ ನಮ್ಮ ಕಿಟಕಿಯ ಸರಳನ್ನು ಯಾರೋ ಬಡಿದರು. ಭಾವ. ಕೈಯಲ್ಲಿ ಲೀಲಾಳ ಸ್ವೆಟರು. ಮೂರೂವರೆಗೆ ಮನೆಗೆ ಬಂದವನಿಗೆ ನಾವು ಹೋದ ವಿಷಯ ಗೊತ್ತಾಗಿದೆ. ಆನೆ ರಸ್ತೆಗೆ ಬಂದಿವೆ ಎಂದೂ ಕೇಳಿದ್ದಾನೆ. ಮೊಪೆಡ್ಡನ್ನು ಅರಣ್ಯ ಇಲಾಖೆಯವರ ಹತ್ತಿರ ಬಿಟ್ಟು, ನಿಂತ ಬಸ್ಸುಗಳೊಳಗೆಲ್ಲ ಇಣುಕುತ್ತ ಬಂದಿದ್ದಾನೆ.

“ನೇರ್ಳಣ್ಣು! ಒಳ್ಗೇ ಇರು, ಇಳೀಬ್ಯಾಡ. ತಗೋ, ಚಳಿ ಬೀಳ್ತೈತೆ, ಇದ್ನ ಆಕ್ಕೋ.”

“ಮಾಮಾ! ನೀನ್ ಯಾಕ್ ಬರ್ಲಿಲ್ಲ? ನಿಂಗೆ ಇಷ್ಟ ಇಲ್ವಂತೆ?”

“ಇಷ್ಟ ಇಲ್ವಾ? ಯಾರಂದ್ರು? ನಾಳೀಕೆ ಅಂತ ರಜ...” ಎನ್ನುತ್ತಲೇ ಅವನ ಕಣ್ಣು ನನ್ನ ಮುಖದ ಮೇಲೆ ಬಿತ್ತು. ಸರಳು ಹಿಡಿದ ಕೈ ಹಾಗೇ ಇತ್ತು. ಆಮೇಲೆ ಹಣೆ ಬಡಿದುಕೊಂಡು ನಕ್ಕ. “ಅಯ್ಯೋ, ನನ್ ಬುದ್ದಿಗಿಷ್ಟು! ನಿಮ್ಮಪ್ಪ ಇವತ್ತೇ ಅಂತ ಏಳಿದ್ದ ಕಣಮ್ಮಿ. ನಾನೇ ಮರ್ತು ಕೆಲ್ಸಕ್ಕೋಗ್ಬುಟ್ಟೆ.”

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಗಳ ಎದುರು ನನ್ನ ಮಾನ ಉಳಿಸುವುದೂ ಅವನಿಗೇ ಸಾಧ್ಯವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಲೀಲಾ ಅವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಎಂಟು ವರ್ಷದ ಮಕ್ಕಳಿಗೆ ಬುಧವಾರ ಯಾವುದು ಮಂಗಳವಾರ ಯಾವುದು ಎಂದು ಗೊತ್ತಿರುತ್ತದೆ.

“ಅಪ್ಪ, ನೀನ್ ಸುಳ್ಳು ಏಳ್ಬುಟ್ಟೆ” ಎಂದಳು.

ನನ್ನ ಮಗಳು ನನ್ನ ಕಡೆ ತಿರುಗಿ ನನ್ನ ಭಾಷೆಯಲ್ಲಿ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಉಚ್ಚಾರಣೆ ತಿದ್ದಲಿಲ್ಲ. “ಹೌದು” ಎಂದೆ.

ಆನೆಗಳು ದಾಟಿದವು. ಐದು ದೊಡ್ಡವು, ಒಂದು ಮರಿ. ಅವಳು ಸರಳಿನಾಚೆ ಕೈ ಚಾಚಿ ಭಾವನ ಬೆರಳು ಹಿಡಿದುಕೊಂಡು ನೋಡಿದಳು. ನಾನು ಅವಳ ಜಡೆ ನೋಡುತ್ತ ಕೂತಿದ್ದೆ.

ಮರುದಿನ ಬೆಳಿಗ್ಗೆ ಭಾವ ರಜೆಯಲ್ಲಿದ್ದ. ಅವರೆ ಕೀಳುತ್ತಿದ್ದವನ ಹತ್ತಿರ ಹೋಗಿ ಪಕ್ಕದ ಸಾಲಿನಲ್ಲಿ ನಾನೂ ಕೀಳತೊಡಗಿದೆ. ಮಂಜಿನಲ್ಲಿ ಕಾಯಿ ಒದ್ದೆಯಾಗಿದ್ದವು.

“ತಪ್ಪಾಯ್ತು ಭಾವ. ಅವಳು ನಿನ್ನ ಜೊತೆ ಮಾತಾಡೋದು ನೋಡಿ ನನಗೆ ಹೊಟ್ಟೆ ಉರಿಯಿತು.”

ಅವನು ಕೀಳುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಕಣ್ಲಾ. ನಿನ್ ಮಕದ ಮ್ಯಾಲೇ ಬರ್ದಿತ್ತು.” ಸ್ವಲ್ಪ ದೂರ ಹೋದ ಮೇಲೆ ನೆಟ್ಟಗೆ ನಿಂತು ಸೊಂಟ ಹಿಡಿದುಕೊಂಡ. “ಅದ್ನೆಂಟು ವರ್ಸ ಆಯ್ತು ನಂಗೂ ನಿಮ್ಮಕ್ಕಂಗೂ ಮದ್ವೆ ಆಗಿ. ಒಂದ್ ಮಗೂನೂ ಆಗ್ಲಿಲ್ಲ. ಸನಿವಾರ ಬಂದ್ರೆ ನೀನು ಇವಳ್ನ ಇಮಾನ ಅತ್ತುಸ್ಕೊಂಡು ಓಯ್ತೀಯ. ಮನೇನಾಗೆ ಮತ್ತೆ ನಾವಿಬ್ರೇ. ಈಗ ಏಳು ಸೀನ, ಒಟ್ಟೆ ಉರ್ಕೋಬೇಕಾದ್ದು ನೀನಾ, ನಾನಾ?”

ಚೀಲ ತುಂಬುವವರೆಗೆ ಇಬ್ಬರೂ ಕಾಯಿ ಕಿತ್ತೆವು.

ಮಿಕ್ಕ ಮೂರು ದಿನ ನಾನು ಅವರ ಹಿಂದೆ ಬಾಯಿ ಮುಚ್ಚಿಕೊಂಡು ಸುತ್ತಿದೆ. ಶನಿವಾರ ಹೊರಡುವಾಗ ಲೀಲಾ ಅಕ್ಕನ ಸೆರಗು ಬಿಡಲಿಲ್ಲ. ಭಾವ ಟ್ಯಾಕ್ಸಿಯವರೆಗೂ ಬಂದವನು ಏನೋ ಮರೆತವನಂತೆ ಕೊಟ್ಟಿಗೆಯ ಹಿಂದೆ ಹೋದ. ಕಾರು ತಿರುಗುವಾಗಲೂ ಹೊರಗೆ ಬರಲಿಲ್ಲ.

ಲಿಂಟ್ಸ್‌ನಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಇಂಗ್ರಿಡ್ ಮಗಳ ಕೆನ್ನೆಯ ಬಣ್ಣ ನೋಡಿ ಬೆರಗಾದಳು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಲಿಂಗ್ ಕಾರ್ಡ್ ಹಾಕಿ ಸಾನಮಾವಿಗೆ ಫೋನು ಮಾಡುತ್ತೇನೆ. ನಾನು ಅಕ್ಕನ ಜೊತೆ ಎರಡು ನಿಮಿಷ ಮಾತಾಡಿದ ಮೇಲೆ ಲೀಲಾ ಫೋನು ಕಸಿದುಕೊಂಡು ತನ್ನ ಕೋಣೆಗೆ ಹೋಗಿ ಕದ ಹಾಕಿಕೊಳ್ಳುತ್ತಾಳೆ.

ಕಳೆದ ವಾರ ನಾನು ಒದ್ದೆ ತಟ್ಟೆಯೊಂದನ್ನು ಒರೆಸುತ್ತ ಆ ಕದದ ಹೊರಗೆ ನಿಂತೆ. ಒಳಗೆ ಕನ್ನಡ ಹರಿಯುತ್ತಿತ್ತು. ಹಿಮ, ಸ್ಕೇಟಿಂಗ್, ಟೀಚರ ನಾಯಿ, ಯಾವುದೋ ಹುಡುಗಿಯ ಜೊತೆ ಜಗಳ. ಈ ಜಗಳದ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಒಳಗೆ ಹೋಗಲಿಲ್ಲ, ಅಷ್ಟು ಮಾಡಿದೆ. ತಟ್ಟೆ ಒರೆಸುತ್ತಲೇ ಕೇಳಿಸಿಕೊಂಡೆ.

ಆಗ ಅವಳು ದನಿ ತಗ್ಗಿಸಿದಳು.

“ಮಾಮಾ, ಅಪ್ಪ ಬಾಗ್ಲಲ್ಲಿ ನಿಂತವ್ರೆ. ಕೇಳುಸ್ಕೊಂತವ್ರೆ. ಇರ್ಲಿ ಬುಡು, ನಾನು ಜೋರಾಗೇ ಮಾತಾಡ್ತೀನಿ.”