ಬಾಯಿಗೆ ತುರುಕಿದ ಟವೆಲ್ಲು

ಬಿಳಿಕೆರೆಯಿಂದ ಮೊದಲ ಬಸ್ಸಿಗೆ ಹೋಗಿ ಮೈಸೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುವ ಬೆಟ್ಟಯ್ಯ, ಎಳೆಯ ಹೆಣ್ಣುಕುದುರೆಗಳ ಓಟದ ದಿನ ಮಾತ್ರ ಬಾಯಿಗೆ ಟವೆಲ್ಲು ತುರುಕಿಕೊಂಡು ಕಂಬಿಯ ಪಕ್ಕ ನಿಲ್ಲುತ್ತಾನೆ. ನೋಡಿದವರು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗುತ್ತದೆ?

ಆ ಓಟ ಮೊದಲು ನಡೆದ ವರ್ಷ ಇದೇ ಲಾಯದಲ್ಲಿ ಅವನ ಅಪ್ಪ ಇದ್ದ. ಅವನು ಸಾಕಿದ ಬೆಳ್ಳಿ ಎಂಬ ಕುದುರೆ ಎಲ್ಲಕ್ಕಿಂತ ಮುಂದೆ ಬರುತ್ತಿದ್ದಾಗ ಅಪ್ಪ ಹುರುಪು ತಾಳಲಾರದೆ "ಬಾರವ್ವ, ಬಾ" ಎಂದು ಕೂಗಿಬಿಟ್ಟ. ದಿನಾ ಸಂಜೆ ಹುರುಳಿ ಇಟ್ಟು ಕರೆಯುತ್ತಿದ್ದುದೂ ಹಾಗೆಯೇ. ಬೆಳ್ಳಿ ಗೆಲುವಿನ ಕಂಬ ಬಿಟ್ಟು ಅಪ್ಪನತ್ತ ವಾಲಿತು. ಓಟ ಕೈತಪ್ಪಿತು. ಎಳೆವಯಸ್ಸು ದಾಟಿದ ಕುದುರೆಗೆ ಆ ಓಟದಲ್ಲಿ ಮತ್ತೆ ಜಾಗವಿಲ್ಲ.

"ನನ್ ಬಾಯೇ ಅದ್ರ ಕಾಲಿಗೆ ಅಡ್ಡ ಬಂತು ಕಣ್ಲಾ" ಎನ್ನುತ್ತಲೇ ಅಪ್ಪ ಸತ್ತ.

ಈ ಸಲ ಓಡಿದ್ದು ಬೆಳ್ಳಿಯ ಮೊಮ್ಮಗಳು ಚುಕ್ಕಿ. ಅದನ್ನೂ ಬೆಟ್ಟಯ್ಯ ಅದೇ ಕರೆಯಲ್ಲಿ ಸಾಕಿದ್ದ. ಕೊನೆಯ ತಿರುವಿನಲ್ಲಿ ಚುಕ್ಕಿಯೂ ಒಂದು ಕಂದು ಕುದುರೆಯೂ ಹೆಗಲಿಗೆ ಹೆಗಲು ಕೊಟ್ಟು ಬಂದವು. ಬೆಟ್ಟಯ್ಯನ ಹಲ್ಲು ಟವೆಲ್ಲಿನೊಳಗೆ ಇಳಿಯಿತು. ಅವನ ಮುಂದೆ ಹಾಯುವಾಗ ಚುಕ್ಕಿಯ ಕಿವಿ ಇತ್ತ ತಿರುಗಿತು. ಕರೆ ಬರಲಿಲ್ಲ. ಚುಕ್ಕಿ ಕತ್ತು ಚಾಚಿ ಕಂಬ ದಾಟಿತು.

ಗೆದ್ದ ಹೆಸರು ಕೇಳಿ ಜನ ಅರಚಿದರು. ಗದ್ದಲಕ್ಕೆ ಬೆದರಿದ ಚುಕ್ಕಿ ಜಾಕಿಯನ್ನು ಕೆಡವಿ ದಿಕ್ಕೆಟ್ಟು ಓಡಿತು, ಹಿಡಿಯಹೋದವರಿಗೆ ಒದೆಯಿತು. ಬೆಟ್ಟಯ್ಯ ಟವೆಲ್ಲು ಕಿತ್ತೆಸೆದ.

"ಬಾರವ್ವ, ಬಾ."

ಚುಕ್ಕಿ ನೆಟ್ಟಗೆ ಅವನೆದೆಗೆ ಬಂದು ನಿಂತಿತು.