ತಿರುವುತ್ತ ಎಳೆದ ಗೆರೆ

ಕಾಕಾನ ಬಲಗೈಯ ನಡುಬೆರಳಿಗೆ, ಉಗುರಿನ ಪಕ್ಕದಲ್ಲಿ, ತೊಗರಿ ಕಾಳಿನಷ್ಟು ದಪ್ಪದ ಒಂದು ಗಂಟು ಇತ್ತು. ಬೂದು ಬಣ್ಣದ್ದು, ಹಳೆಯ ಹಂಚಿನ ಹಾಗೆ ಸಣ್ಣಗೆ ಹೊಳೆಯುವಂಥದ್ದು. ಪೆನ್ಸಿಲ್ ಒತ್ತಿ ಒತ್ತಿ ಆದ ಗಂಟು. ಎಷ್ಟು ಸಾಬೂನು ಹಚ್ಚಿದರೂ ಅದರ ಬಣ್ಣ ಹೋಗುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿದರೆ ರೊಟ್ಟಿಯ ಮೇಲೂ ಒಂದು ಬೂದು ಗೆರೆ ಬೀಳುತ್ತಿತ್ತು.

"ಕಾಕಾ, ರೊಟ್ಟಿ ಮ್ಯಾಲೂ ನಕ್ಷಾ ತಗದ್ರ್ಯಾ?" ಎಂದರೆ, "ನಿನ್ನ ಪಾಲು ಎಲ್ಲಿಗೆ ಮುಗೀತದ ಅಂತ ತೋರಸ್ಲಿಕ್ಕೆ" ಎಂದು ಆ ಗೆರೆಯ ಗುಂಟ ಮುರಿದು ಸಣ್ಣ ತುಂಡನ್ನೇ ನನಗೆ ಕೊಡುತ್ತಿದ್ದರು.

ಕಾಕಾ ಎನ್ನುತ್ತಿದ್ದೆ, ಆದರೆ ಅವರು ನನ್ನ ಸಂಬಂಧಿಕರೇನಲ್ಲ. ಅವರ ಮನೆಯಲ್ಲಿ ಮರಾಠಿ ಬೆರೆತ ಕನ್ನಡ, ನಮ್ಮ ಮನೆಯಲ್ಲಿ ಬೈಗುಳ ಬೆರೆತ ಕನ್ನಡ. ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ, ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ, ಒಂದೇ ಕೋಣೆಯಲ್ಲಿ ಕುಳಿತು ಇಬ್ಬರೂ ಮನೆಗಳ ನಕ್ಷೆ ತೆಗೆಯುತ್ತಿದ್ದೆವು. ಕಾಲುವೆ ಕಚೇರಿಯಲ್ಲಿ ನಕ್ಷೆಗಾರರಾಗಿದ್ದು ನಿವೃತ್ತರಾದ ಅವರು ಕಿಟಕಿಯ ಕಡೆ, ಇಳಿಜಾರು ಹಲಗೆಯ ಮುಂದೆ. ಡಿಪ್ಲೊಮಾ ಮುಗಿಸಿದ ನಾನು ಬಾಗಿಲ ಕಡೆ, ಕಂಪ್ಯೂಟರಿನ ಮುಂದೆ. ಮೆಟ್ಟಿಲು ಹತ್ತಿ ಬಂದವರು ಮೊದಲು ನನ್ನನ್ನು ನೋಡಿ, ಆಮೇಲೆ ನನ್ನ ತಲೆಯ ಮೇಲಿಂದ ಅವರನ್ನು ನೋಡಿ, "ರಾಯರ, ಅದೀರೇನ್ರಿ?" ಎನ್ನುತ್ತಿದ್ದರು. ಮೂರು ವರ್ಷ ನಾನು ಆ ಕೋಣೆಯ ಎರಡನೆಯ ಬಾಗಿಲಾಗಿದ್ದೆ.

ಅವರ ಪೆನ್ಸಿಲ್ ಅಂಗಡಿಯ ಪೆನ್ಸಿಲ್ ಅಲ್ಲ, ಕ್ಲಚ್ ಪೆನ್ಸಿಲ್. ಪೆನ್ನಿನಂಥ ಲೋಹದ ಕೊಳವೆ. ತಲೆಯ ಗುಂಡಿ ಒತ್ತಿದರೆ ಮೂತಿಯ ಹಲ್ಲುಗಳು ತೆರೆದು ಒಳಗಿನ ಸೀಸದ ಕಡ್ಡಿ ಜಾರುತ್ತದೆ, ಬಿಟ್ಟರೆ ಕಚ್ಚಿ ಹಿಡಿಯುತ್ತದೆ. ಅಂಥವು ಮೂರಿದ್ದವು. ಗಟ್ಟಿ ಕಡ್ಡಿಯದಕ್ಕೆ ಬಿಳಿ ದಾರ, ನಡುವಿನದಕ್ಕೆ ಹಸಿರು ದಾರ, ಮೆತ್ತನೆಯದಕ್ಕೆ ಕೆಂಪು ದಾರ. ಕಡ್ಡಿಗಳು ಗೋಪಿಚಂದನದ ಹಳೆಯ ಡಬ್ಬಿಯಲ್ಲಿ. ಅವು ಮುಗಿದರೆ ಇಂಡಿಗೆ ಹೋಗಿ ರೈಲು ಹತ್ತಿ ಸೊಲ್ಲಾಪುರದಿಂದ ತರುತ್ತಿದ್ದರು. ಕಾಕೂ, ಅಂದರೆ ಅವರ ಹೆಂಡತಿ, ಬದುಕಿದ್ದಾಗ ಈ ಪ್ರಯಾಣಕ್ಕೆ "ಇವರ ತೀರ್ಥಯಾತ್ರಾ" ಎನ್ನುತ್ತಿದ್ದರಂತೆ.

"ಆನ್‌ಲೈನ್ ತರಸ್ತೇನಿ, ಎರಡ ದಿನದಾಗ ಮನಿಗೆ ಬರ್ತಾವ" ಎಂದೆ ಒಮ್ಮೆ.

"ಮನಿಗೆ ಬಂದ್ರ ನಾ ಸೊಲ್ಲಾಪುರಕ್ಕ ಯಾಕ ಹೋಗ್ಲಿ?" ಎಂದರು. ಅವರ ಮಟ್ಟಿಗೆ ಅದೇ ಉತ್ತರ.

ನನಗೊಂದು ಚಟವಿದೆ. ಮನುಷ್ಯರ ಅಣಕ ಮಾಡುವುದು. ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲವೆಂದು ಆಕಾಶ ನೋಡುವುದು, ತಹಶೀಲ್ದಾರರ ಕಚೇರಿಯ ಗುಮಾಸ್ತರು ಊಟದ ಹೊತ್ತು ಸಮೀಪಿಸಿದಂತೆ ಕಿವುಡರಾಗುವುದು, ನಮ್ಮ ಅಪ್ಪ ಸೀನುವುದು. ನನ್ನನ್ನೂ ಬಿಟ್ಟಿಲ್ಲ. ದೊಡ್ಡ ಗುತ್ತಿಗೆದಾರರ ಫೋನು ಬಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದು, ಕಾಣದ ಆಸಾಮಿಗೆ ನಗುತ್ತ, ಬೆಂಗಳೂರಿನ ಧಾಟಿಯಲ್ಲಿ "ಖಂಡಿತಾ ಸಾರ್, ಮಾಡ್ಕೊಡ್ತೀನಿ ಸಾರ್" ಎನ್ನುವುದು ನನ್ನ ಒಳ್ಳೆಯ ಪಾತ್ರಗಳಲ್ಲಿ ಒಂದು. ಕೆಳಗಿನ ಚಹಾದಂಗಡಿಯಲ್ಲಿ ಅದಕ್ಕೆ ಎರಡೆರಡು ಸಲ ಬೇಡಿಕೆ ಬರುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ಕಾಕಾನ ಪಾತ್ರ. ಗುಂಡಿ ಒತ್ತಿ ಕಡ್ಡಿಯನ್ನು ಅಂಗೈಗೆ ಬೀಳಿಸಿಕೊಳ್ಳುವುದು, ಪಾಲಿಶ್ ಕಾಗದದ ಮೇಲೆ ಅದರ ಮೊನೆ ತಿಕ್ಕಿ ಪುಡಿಯನ್ನು ಉಫ್ ಎಂದು ಊದದೆ ಡಬ್ಬಿಯ ಮುಚ್ಚಳಕ್ಕೆ ತಟ್ಟುವುದು, ಚಷ್ಮಾ ಹಣೆಗೇರಿಸಿ "ಹೂಂ, ನಿಂದ್ರು, ಗಡಿಬಿಡಿ ಬ್ಯಾಡ" ಎನ್ನುವುದು. ಕಡೆಯ ವರ್ಷ ಅವರ ಕೈ ನಡುಗತೊಡಗಿದಾಗ ನಾನು ಅದನ್ನೂ ಸೇರಿಸಿದೆ. ಚಹಾದ ಚಮಚ ಹಿಡಿದು ಗಡಗಡ ನಡುಗಿಸಿದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಅವರು ನನ್ನ ಹಿಂದೆಯೇ ನಿಂತಿದ್ದರು.

"ನಡಗೂದು ಭಾಳ ಜೋರಾತು" ಎಂದರು. "ನಾ ಅಷ್ಟು ನಡಗೂದಿಲ್ಲ. ನೋಡಿ ಮಾಡು."

ಚಹಾ ಕುಡಿದು ಮೇಲೆ ಹೋದರು. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಮುಗಿಸುತ್ತಿದ್ದೆ. ಇದನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಮಸೂತಿಯ ಕೆಲಸ ಬಂತು. ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿ ಎಂಬ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಮನೆಯನ್ನು ಎರಡು ಪಾಲು ಮಾಡಿಕೊಳ್ಳಬೇಕಿತ್ತು. ಒಂದೇ ಅಂಗಳದಲ್ಲಿದ್ದು ಒಂದು ವರ್ಷದಿಂದ ಮಾತು ಬಿಟ್ಟಿದ್ದರು. ಅಣ್ಣ ಹೂಂ ಎಂದದ್ದಕ್ಕೆಲ್ಲ ತಮ್ಮ ಊಹೂಂ. ಇಬ್ಬರೂ ಒಪ್ಪಿದ್ದು ಒಂದೇ ಒಂದು ಸಂಗತಿ: ಪಾಲಿನ ನಕ್ಷೆಯನ್ನು ಸಿಂದಗಿಯ ರಾಯರು ತೆಗೆಯಬೇಕು, ಅದೂ ಕೈಯಿಂದ.

"ಕಂಪ್ಯೂಟರ್‌ದಾಗ ಒಂದ ಗುಂಡಿ ಒತ್ತಿದ್ರ ಗ್ವಾಡಿ ಆ ಕಡಿ ಸರೀತೈತಿ" ಎಂದ ತಮ್ಮ, ನನ್ನನ್ನೇ ನೋಡುತ್ತ. "ರಾಯರು ಕೈಲೆ ಹಾಕಿದ ಗೆರಿ ಸರ್ಯೂದಿಲ್ಲ."

ಅಳತೆಗೆ ನಾನೂ ಹೋಗಿದ್ದೆ. ಕಾಕಾ ಟೇಪಿನ ಸೊನ್ನೆಯ ತುದಿಯನ್ನು ಮೊದಲು ಅಣ್ಣನ ಕೈಗೆ ಕೊಟ್ಟು ಒಂದು ಸಲ ಅಳೆದರು, ಆಮೇಲೆ ತಮ್ಮನ ಕೈಗೆ ಕೊಟ್ಟು ಅದೇ ಗೋಡೆಯನ್ನು ಮತ್ತೊಂದು ಸಲ ಅಳೆದರು. ಎಲ್ಲ ಗೋಡೆಗಳಿಗೂ ಹೀಗೆಯೇ. ಬಿಸಿಲು ನೆತ್ತಿಗೆ ಬಂದಿತ್ತು. "ಒಂದ ಸಲ ಸಾಕಲ್ಲರಿ ಕಾಕಾ" ಎಂದೆ. "ಸೊನ್ನಿ ಹಿಡಿದಾವಗ ಅಳತಿ ಮ್ಯಾಲ ಸಂಶಯ ಬರೂದಿಲ್ಲ. ಇಬ್ಬರೂ ಹಿಡೀಲಿ" ಎಂದರು.

ಬರುವ ಸೋಮವಾರ ಇಬ್ಬರೂ ಸಿಂದಗಿಗೆ ಬಂದು ನಕ್ಷೆಗೆ ಸಹಿ ಹಾಕುವುದೆಂದು ಮಾತಾಯಿತು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಹುಡುಗಾ, ಸೋಮಾರ ತಪ್ಪಬಾರ್ದು ನೋಡು. ನನ್ನ ತಮ್ಮ ಒಮ್ಮಿ ಒಲ್ಲೆ ಅಂದ್ರ ಮುಂದ ಕೋರ್ಟೇ" ಎಂದ.

ಕಾಕಾ ಶನಿವಾರದವರೆಗೆ ಹೊರಗೋಡೆ, ಬಾಗಿಲು, ಕಾಳು ತುಂಬುವ ಹಗೇವು ಎಲ್ಲ ತೆಗೆದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿ ಹಿಡಿದು, ಒಂದು ಗೆರೆಗೆ ಎರಡು ಸಲ ಉಸಿರು ತೆಗೆದುಕೊಂಡು. ಉಳಿದದ್ದು ಒಂದೇ ಗೆರೆ. ಪಡಸಾಲೆಯಿಂದ ಹಿತ್ತಲಿನವರೆಗೆ ನಡುವೆ ಹಾಯುವ ಪಾಲಿನ ಗೆರೆ, ಕಾಗದದ ಮೇಲೆ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಮತ್ತೆ ಕೋಣೆಗಳ ಹೆಸರು. ಭಾನುವಾರ ಅವರಿಗೆ ಜ್ವರ ಬಂತು. ಫೋನಿನಲ್ಲಿ, "ನಾಳೆ ಲಗೂನ ಬಂದು ಮುಗಸ್ತೀನಿ" ಎಂದರು. ಶನಿವಾರದ ಕೈ ನೋಡಿದ್ದ ನನಗೆ ನಾಳೆಯ ಕೈ ಹೇಗಿರುತ್ತದೆ ಎಂಬುದು ಗೊತ್ತಿತ್ತು.

ಆಗ ನಾನು ನನ್ನ ಜೀವನದ ಅತ್ಯುತ್ತಮ ಅಣಕ ಮಾಡಿದೆ. ಅವರ ಸ್ಟೂಲಿನ ಮೇಲೆ ಕುಳಿತು ಹಸಿರು ದಾರದ ಪೆನ್ಸಿಲ್ ತೆಗೆದುಕೊಂಡೆ. ಪಾಲಿನ ಗೆರೆ ಎಳೆದೆ. ಕೋಣೆಗಳ ಹೆಸರನ್ನು ಅವರದೇ ಅಕ್ಷರದಲ್ಲಿ ಬರೆದೆ. "ಪಡಸಾಲೆ"ಯ ಡಕಾರಕ್ಕೆ ಅವರು ಕೊಡುವ ಸಣ್ಣ ಬಾಲ, ಅಂಕಿಗಳನ್ನು ಒಂಚೂರು ಮುಂದಕ್ಕೆ ವಾಲಿಸುವುದು, ಎಲ್ಲ. ಎದ್ದು ದೂರ ನಿಂತು ನೋಡಿದೆ. ಕಾಕಾನೇ ಬಂದು ಬರೆದು ಹೋದ ಹಾಗಿತ್ತು. ಚಪ್ಪಾಳೆ ತಟ್ಟುವವರು ಇರಲಿಲ್ಲ ಎಂಬುದೊಂದೇ ಕೊರತೆ.

ಸೋಮವಾರ ಕಾಕಾ ಒಂಬತ್ತಕ್ಕೇ ಬಂದರು. ನೇರ ಹಲಗೆಯ ಮುಂದೆ ಹೋದರು. ಚಷ್ಮಾ ಹಣೆಗೇರಿಸಿ ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಅಕ್ಷರಾ ನಂದು" ಎಂದರು. ನಾನು ಹಿಗ್ಗಿದೆ. "ಗೆರಿ ನಂದಲ್ಲ."

"ಯಾರಿಗೆ ಗೊತ್ತಾಕ್ಕೈತ್ರಿ ಕಾಕಾ?"

"ಇಲ್ಲಿ ಬಾ. ಪಡಸಾಲಿ ಕಡೆ ನೋಡು, ಕೂದಲಿನಂಗ ಅದ. ಹಿತ್ತಲ ಕಡೆ ನೋಡು." ಹಿತ್ತಲ ಕಡೆ ಗೆರೆ ದಪ್ಪವಾಗಿತ್ತು. ಎಳೆಯುತ್ತ ಹೋದಂತೆ ಕಡ್ಡಿಯ ಮೊನೆ ಒಂದೇ ಬದಿಗೆ ಸವೆದು ಅಗಲವಾಗಿತ್ತು. "ಎಳೀವಾಗ ಬೆರಳಿನಾಗ ಪೆನ್ಸಿಲ್ ತಿರುವಬೇಕು. ತಿರುವಿದ್ರ ಸುತ್ತೂ ಒಂದ ಸಮ ಸವೀತದ, ಗೆರಿ ಕಡೀತನಕಾ ಒಂದ ಸಮ ಬರ್ತದ. ಮೂರು ವರ್ಷ ನನ್ನ ಅಣಕಾ ಮಾಡೀದಿ, ಇದು ನಿನ್ನ ಕಣ್ಣಿಗೆ ಬೀಳ್ಲಿಲ್ಲೇನು?"

ಬಿದ್ದಿರಲಿಲ್ಲ. ತಿರುವುವುದು ಅಷ್ಟು ಸಣ್ಣಗೆ ನಡೆಯುತ್ತಿತ್ತು. ಅದರಲ್ಲಿ ನಗು ಬರುವಂಥದ್ದೇನೂ ಇರಲಿಲ್ಲ, ಹಾಗಾಗಿ ನಾನು ನೋಡಿರಲಿಲ್ಲ.

ಅವರು ಗೆರೆಯ ಮೇಲೆ ಅಳತೆಪಟ್ಟಿ ಇಟ್ಟರು. "ಅರ್ಧ ಮಿಲಿಮೀಟರ್ ಹೆಚ್ಚದ. ನೂರಕ್ಕ ಒಂದರ ಅಳತಿ. ನೆಲದ ಮ್ಯಾಲ ಎಷ್ಟಾತು?"

"ಎರಡ ಇಂಚು."

"ಆ ಎರಡು ಇಂಚು ಅಣ್ಣಂದೋ, ತಮ್ಮಂದೋ?"

"ಅಳತಿ ಅಂಕಿಯೊಳಗ ಬರದೇನಲ್ಲರಿ. ಅದ ಖರೆ ಲೆಕ್ಕ."

"ಜಗಳಾ ಮಾಡಾವ ಅಂಕಿ ಓದೂದಿಲ್ಲ. ಪಟ್ಟಿ ಇಡ್ತಾನ."

ಅಳಿಸಲು ಆಗುತ್ತಿರಲಿಲ್ಲ. ನಾನು ಒತ್ತಿದ ರಭಸಕ್ಕೆ ಕಾಗದದ ಮೇಲೆ ಕಚ್ಚು ಬಿದ್ದಿತ್ತು. ಹನ್ನೊಂದಕ್ಕೆ ಅಣ್ಣತಮ್ಮಂದಿರು ಬೇರೆ ಬೇರೆ ಬಸ್ಸಿನಲ್ಲಿ ಬಂದು ಒಂದೇ ಬೆಂಚಿನ ಎರಡು ತುದಿಗೆ ಕುಳಿತರು. ತಮ್ಮ ನಕ್ಷೆ ನೋಡಿ, "ಛಲೋ ಬಂದೈತ್ರಿ ರಾಯರ" ಎಂದ. ಪೆನ್ನನ್ನೂ ತೆಗೆದ. ಕಾಕಾ ಸುಮ್ಮನಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಸಹಿ ಬ್ಯಾಡ" ಎಂದರು. "ಈ ನಡುವಿನ ಗೆರಿ ನಾ ಹಾಕಿಲ್ಲ. ಇಂವಾ ಹಾಕ್ಯಾನ. ನನಗ ಆರಾಮಿರ್ಲಿಲ್ಲ. ಆರಾಮಿದ್ರೂ ನನ್ನ ಕೈಲೆ ಇಷ್ಟುದ್ದ ಗೆರಿ ಇನ್ನ ಆಗೂದಿಲ್ಲ."

ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಅದು ನಡುಗುತ್ತಿತ್ತು. ನಾನು ಚಮಚದಲ್ಲಿ ತೋರಿಸಿದ್ದಕ್ಕಿಂತ ಬಹಳ ಕಡಿಮೆ.

ತಮ್ಮ ಎದ್ದು ನಿಂತ. "ಹಂಗಾರ ಮಾತು ಮುರೀತಲ್ಲರಿ. ನೀವು ಹಾಕ್ತೀರಿ ಅಂತ ನಾ ಒಪ್ಪಿದ್ದೆ."

ಅಣ್ಣ ನನ್ನ ಕಡೆ ನೋಡಿದ. ಆ ನೋಟದ ಅಣಕವನ್ನು ನಾನು ಇದುವರೆಗೆ ಎಲ್ಲಿಯೂ ಮಾಡಿಲ್ಲ.

"ಕೂಡ್ರು" ಎಂದರು ಕಾಕಾ. "ಸೊನ್ನಿ ನೀ ಹಿಡದಿದ್ದಿ, ಅವನೂ ಹಿಡದಿದ್ದ. ಅಳತಿ ನಿಮ್ಮಿಬ್ಬರದು. ಗೆರಿ ನಿಮ್ಮ ಕಣ್ಣೆದುರಿಗೆ ಹಾಕಸ್ತೀನಿ. ಸಮಾ ಬರ್ಲಿಲ್ಲಂದ್ರ ಎದ್ದು ಹೋಗು, ನಾನೂ ಇವತ್ತಿಂದ ಈ ಹಲಗಿ ಕಟ್ಟಿ ಮ್ಯಾಲಿಡ್ತೀನಿ."

ಹೊಸ ಕಾಗದ ಹಾಸಿದರು. ಹಸಿರು ದಾರದ ಪೆನ್ಸಿಲ್ಲಿನ ಮೊನೆಯನ್ನು ತಾವೇ ತಿಕ್ಕಿ ನನ್ನ ಕೈಗೆ ಕೊಟ್ಟರು. ಮೊದಲು ಒಂದು ರದ್ದಿ ಕಾಗದದ ಮೇಲೆ ಹತ್ತಿಪ್ಪತ್ತು ಗೆರೆ ಎಳೆಸಿದರು. ಹೆಬ್ಬೆರಳು ತಿರುವಿದರೆ ಕೈ ನಿಲ್ಲುತ್ತಿತ್ತು, ಕೈ ನಡೆದರೆ ಹೆಬ್ಬೆರಳು ಮರೆಯುತ್ತಿತ್ತು. ಕಾಕಾ ಪಕ್ಕದಲ್ಲಿ ಕುಳಿತು ಒಂದೇ ಮಾತು ಹೇಳುತ್ತಿದ್ದರು: "ತಿರುವು. ತಿರುವು. ಗಡಿಬಿಡಿ ಬ್ಯಾಡ." ಹೊರಗೋಡೆಗಳು ಮುಗಿಯುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಬೆಂಚಿನ ತುದಿಯವರಿಬ್ಬರೂ ಎದ್ದು ಬಂದು ಹಲಗೆಯ ಎರಡೂ ಬದಿಗೆ ನಿಂತಿದ್ದರು.

"ಇಷ್ಟೊತ್ತನಕಾ ಈ ಹುಡುಗ ಬಾಯಿ ಮುಚ್ಕೊಂಡ ಕುಂತದ್ದ ನಾ ನೋಡೇ ಇಲ್ಲ" ಎಂದ ಅಣ್ಣ.

"ಅಂಜ್ಯಾನ" ಎಂದ ತಮ್ಮ. ಯಾರಿಗೆ ಹೇಳಿದೆನೆಂದು ಆಮೇಲೆ ನೆನಪಾಗಿ ಮುಖ ಆ ಕಡೆ ತಿರುಗಿಸಿದ.

ಪಾಲಿನ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆದೆ. ಪೆನ್ಸಿಲ್ ಎತ್ತಿದೆ. ತಮ್ಮ ಪಟ್ಟಿ ತೆಗೆದುಕೊಂಡು ಪಡಸಾಲೆಯ ಕಡೆ ಇಟ್ಟು ನೋಡಿದ, ಹಿತ್ತಲ ಕಡೆ ಇಟ್ಟು ನೋಡಿದ, ಮತ್ತೆ ಪಡಸಾಲೆಗೆ ಬಂದ. ಪಟ್ಟಿಯನ್ನು ಅಣ್ಣನ ಕಡೆ ಸರಿಸಿದ.

"ಸಮ ಐತಿ" ಎಂದ. "ನೀನೂ ನೋಡ."

ಇಬ್ಬರೂ ಸಹಿ ಹಾಕಿದರು. ಕೆಳಗಿನ ಮೂಲೆಯಲ್ಲಿ ನಕ್ಷೆಗಾರರ ಹೆಸರು ಬರೆಯುವ ಚೌಕವಿರುತ್ತದೆ. ಅಲ್ಲಿ ಯಾವತ್ತೂ ಇದ್ದದ್ದು ಅವರೊಬ್ಬರ ಹೆಸರು. ಅವತ್ತು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಅಳತೆ ಎಂದು ಬರೆದು ತಮ್ಮ ಹೆಸರು ಹಾಕಿದರು. ಅದರ ಕೆಳಗೆ ಗೆರೆ ಎಂದು ಬರೆದು ನನ್ನ ಹೆಸರು ಹಾಕಿದರು. ಮಣಿಕಟ್ಟು ಹಿಡಿದುಕೊಳ್ಳಲಿಲ್ಲ. ಆ ಇಡೀ ಕಾಗದದಲ್ಲಿ ನಡುಗಿದ ಅಕ್ಷರಗಳು ಆ ಎರಡು ಸಾಲಿನವು ಮಾತ್ರ.

ಆಮೇಲೆ ಅವರು ಅಳೆದರು, ನಾನು ಎಳೆದೆ. ಎಂಟು ತಿಂಗಳು ಹಾಗೆ ನಡೆಯಿತು. ತಾಂಬಾದಲ್ಲಿ ಒಂದು ಗೋದಾಮಿನ ಅಳತೆ ಮುಗಿಸಿ ಬಂದ ವಾರ ಮಲಗಿದವರು ಏಳಲಿಲ್ಲ. ಅವರ ಮಗಳು ದಾರ ಕಟ್ಟಿದ ಮೂರು ಪೆನ್ಸಿಲ್, ಗೋಪಿಚಂದನದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು, "ಅಪ್ಪಾ ನಿನಗ ಕೊಡಂದಿದ್ರು. ಕಡ್ಡಿ ಸೊಲ್ಲಾಪುರದಾಗ ಸಿಗತಾವಂತ" ಎಂದಳು. ಈಗಾಗಲೇ ಎರಡು ಸಲ ಹೋಗಿ ಬಂದಿದ್ದೇನೆ. ಆನ್‌ಲೈನ್‌ನಲ್ಲಿ ಎರಡು ದಿನಕ್ಕೆ ಮನೆಗೇ ಬರುತ್ತವೆ.

ಹೆಚ್ಚಿನ ಕೆಲಸ ಕಂಪ್ಯೂಟರಿನಲ್ಲೇ. ಆದರೆ ಕೈಗೆ ಏನು ಸಿಕ್ಕರೂ ನನ್ನ ಹೆಬ್ಬೆರಳು ಅದನ್ನು ತಿರುವುತ್ತದೆ. ಮೌಸನ್ನೂ ತಿರುವಲು ನೋಡುತ್ತದೆ. ನನಗೆ ಅದು ಗೊತ್ತೇ ಇರಲಿಲ್ಲ. ಮೊನ್ನೆ ಚಹಾದಂಗಡಿಗೆ ಇಳಿದಾಗ ಅಂಗಡಿಯವನು ಎಲ್ಲರ ಮುಂದೆ ಚಮಚ ಹಿಡಿದು, ತಲೆ ವಾಲಿಸಿ, ಅದನ್ನು ಬೆರಳುಗಳ ನಡುವೆ ಗರಗರ ತಿರುವುತ್ತಿದ್ದ. ಎಲ್ಲರೂ ನಗುತ್ತಿದ್ದರು. ನನ್ನನ್ನು ಕಂಡು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ತಿರುವೂದು ಭಾಳ ಜೋರಾತು" ಎಂದೆ. "ನಾ ಅಷ್ಟು ತಿರುವೂದಿಲ್ಲ. ನೋಡಿ ಮಾಡು."