ಕುಂಕುಮಕ್ಕೆ ಕ್ಷಮೆ ಕೇಳಿದ ಮಾಸ್ಟ್ರು

ನನ್ನ ಮೊಮ್ಮಗಳಿಗೆ ಚಿನ್ನದ ಪದಕ ಬಂತು. ಬಾಣ ಬಿಡುವುದರಲ್ಲಿ, ಬಿದಿರಿನ ಬಿಲ್ಲಿನ ವಿಭಾಗದಲ್ಲಿ, ಇಡೀ ಜಿಲ್ಲೆಗೆ ಅವಳೇ ಮೊದಲು. ಇದನ್ನು ಹೇಳಿ ಮುಗಿಸದೆ ನನಗೆ ಬೇರೆ ಎಂತದೂ ಬರೆಯಲಿಕ್ಕೆ ಆಗುವುದಿಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಹೋದವಳು, ಅಕ್ಷರ ಓರೆಕೋರೆ ಉಂಟು, ಆದರೂ ಇವತ್ತು ಬರೆಯದೆ ಮಲಗಿದರೆ ನಿದ್ದೆ ಬರಲಿಕ್ಕಿಲ್ಲ. ಮಿಜಾರಿನ ಮೈದಾನದಿಂದ ಬಂಟ್ವಾಳಕ್ಕೆ ಬಸ್ಸಿನಲ್ಲಿ ಬರುವಾಗ ಪದಕವನ್ನು ನನ್ನ ಕುತ್ತಿಗೆಗೇ ಹಾಕಿಕೊಂಡು ಕೂತಿದ್ದೆ. ಕಂಡಕ್ಟರ್ ಟಿಕೇಟು ಕೊಡುತ್ತಾ, ಎಂತ ಅಜ್ಜಿ, ಓಟದಲ್ಲಿ ಗೆದ್ದದ್ದಾ ಅಂತ ಕೇಳಿದ. ಹೌದು ಅಂದೆ. ಅವನಿಗೆಲ್ಲ ವಿವರ ಹೇಳುವಷ್ಟು ಉಸಿರು ನನ್ನಲ್ಲಿ ಇರಲಿಲ್ಲ.

ಆದರೆ ಆ ಸಂತೋಷದ ಒಳಗೇ ಒಂದು ಸಿಟ್ಟು ಕುದಿಯುತ್ತಿತ್ತು. ಅದು ಎದ್ದದ್ದು ಒಂದು ತುಂಡು ಕಪ್ಪು ಟೇಪಿನಿಂದ.

ಬೆಳಿಗ್ಗೆ ಆಟ ಶುರುವಾಗುವ ಮೊದಲು ಬಿಲ್ಲುಗಳನ್ನು ಪರೀಕ್ಷೆ ಮಾಡುವ ಕ್ರಮ ಉಂಟು. ಬಿಳಿ ಅಂಗಿ ಹಾಕಿದ ಒಬ್ಬಳು ಹುಡುಗಿ ಮೇಜಿನ ಹಿಂದೆ ಕೂತು ಪ್ರತಿಯೊಂದು ಮಗುವಿನ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲಿ ಅಕ್ಷರ ಉಂಟು, ಎಲ್ಲಿ ಪಟ್ಟಿ ಉಂಟು, ಎಲ್ಲಿ ಗೀರಿದ ಗುರುತು ಉಂಟು, ಅಲ್ಲಿಗೆಲ್ಲ ಕಪ್ಪು ಟೇಪು ಹರಿದು ಅಂಟಿಸಿದಳು. ನನ್ನ ಮೊಮ್ಮಗಳ ಬಿಲ್ಲಿಗೂ ಅಂಟಿಸಿದಳು, ಪಕ್ಕದ ಹುಡುಗಿಯದ್ದಕ್ಕೂ ಅಂಟಿಸಿದಳು. ಇವರು ಯಾರು, ಯಾವ ಶಾಲೆ, ಯಾರ ಮಗಳು ಅಂತ ಕೇಳಲಿಲ್ಲ. ಆಯ್ತು, ಹೋಗಿ ಅಂದಳು. ಅಷ್ಟೇ. ಆ ಟೇಪಿನ ಅಂಟಿನ ವಾಸನೆ ನಾನು ನಿಂತಲ್ಲಿಗೆ ಬಂತು. ಪಕ್ಕದಲ್ಲಿ ನೋಡಿದರೆ ನನ್ನ ಮಗಳು, ಅಂದರೆ ಈ ಹುಡುಗಿಯ ತಾಯಿ, ಶಾಲಿನ ತುದಿಯಲ್ಲಿ ಕಣ್ಣು ಒರೆಸುತ್ತಿದ್ದಳು. ಇಬ್ಬರಿಗೂ ನೆನಪಾದದ್ದು ಒಬ್ಬರೇ... ನಮ್ಮ ಡ್ರಿಲ್ ಮಾಸ್ಟ್ರು.

ಆಗ ನಾವು ಬೆಳ್ತಂಗಡಿ ಕಡೆ ಇದ್ದೆವು. ಅಲ್ಲಿಯ ಒಂದು ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ, ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಮಾಸ್ಟ್ರು ಸಣಕಲು ಮನುಷ್ಯ, ಕುತ್ತಿಗೆಯಲ್ಲಿ ಸೀಟಿ, ಬಿಸಿಲಿಗೆ ಸುಟ್ಟ ಮೂಗು. ಖಾಯಂ ಕೆಲಸ ಅಲ್ಲ, ವರ್ಷ ವರ್ಷ ಮುಂದುವರಿಸುವ ಕೆಲಸ. ಮಕ್ಕಳೆಲ್ಲ ಉಂಡ ಮೇಲೆ ಕೊನೆಗೆ ಬಟ್ಟಲು ಹಿಡಿದುಕೊಂಡು ಅಡುಗೆಕೋಣೆಗೆ ಬರುತ್ತಿದ್ದರು. ಸಾಂಬಾರಿನಲ್ಲಿ ಬೇಳೆ ಎಲ್ಲಿಯಾದರೂ ಕಂಡರೆ ಸೀಟಿ ಊದ್ತೇನೆ ಅಕ್ಕ, ಅಂತ ನನ್ನನ್ನು ಕೆಣಕುತ್ತಿದ್ದರು. ಬೇಳೆ ಸರಕಾರದ್ದು ಮಾಸ್ಟ್ರೆ, ಅದು ಬಂದಾಗ ನಾನೇ ಊದ್ತೇನೆ, ಅಂತ ನಾನು.

ಬಿಲ್ಲು ಬಾಣ ಅವರೇ ತಂದದ್ದು ಆ ಶಾಲೆಗೆ. ಬಿದಿರಿನ ಬಿಲ್ಲು, ಗುರಿಗೆ ಹುಲ್ಲಿನ ಹಲಗೆ, ಹಿಂದೆ ಹಳೆಯ ಗೋಣಿಯ ಪರದೆ. ನನಗೆ ನಗೆ ಬರುತ್ತಿತ್ತು. ಟಿವಿಯಲ್ಲಿ ನೋಡಿದರೆ ಗಾಲಿ ಇದ್ದ ಬಿಲ್ಲು, ಗುರಿ ನೋಡುವ ಕನ್ನಡಿ ಕೂರಿಸಿದ ಬಿಲ್ಲು ಎಲ್ಲ ಉಂಟು, ನೀವು ಇದನ್ನು ಹಿಡಿಸಿ ಮಕ್ಕಳನ್ನು ಎಲ್ಲಿಗೆ ಕಳಿಸುವುದು ಅಂತ ಒಂದು ದಿನ ಕೇಳಿಯೇ ಬಿಟ್ಟೆ. ಅವರು ಒಲೆಯ ಹತ್ತಿರ ಕೂತು ಹೇಳಿದರು. ಗಾಲಿಯವರು ಗಾಲಿಯವರ ಜೊತೆ ಮಾತ್ರ, ಕನ್ನಡಿಯವರು ಕನ್ನಡಿಯವರ ಜೊತೆ, ಬಿದಿರಿನವರು ಬಿದಿರಿನವರ ಜೊತೆ. ಗ್ಯಾಸಿನ ಒಲೆಯವರನ್ನೂ ಸೌದೆ ಒಲೆಯವರನ್ನೂ ಯಾರು ಬೇಗ ಬೇಯಿಸ್ತೀರಿ ಅಂತ ಸ್ಪರ್ಧೆಗೆ ನಿಲ್ಲಿಸಿದರೆ ನೀವು ಒಪ್ತೀರಾ ಅಕ್ಕ ಅಂದರು. ಹಾಗೆ ಹೇಳಿದ ಮೇಲೆ ನನಗೆ ಅರ್ಥ ಆಯಿತು. ಬಿದಿರಿನ ಬಿಲ್ಲಿನಲ್ಲಿ ಕಣ್ಣು ಮತ್ತು ಕೈ ಮಾತ್ರ. ಬಿಲ್ಲಿನ ಮೇಲೆ ಒಂದು ಚುಕ್ಕೆ ಕೂಡ ಇರಬಾರದು. ಚುಕ್ಕೆ ಇದ್ದರೆ ಅದನ್ನೇ ಗುರಿಗೆ ಹೊಂದಿಸಿ ಬಾಣ ಬಿಡಬಹುದು, ಅದು ಕಳ್ಳಗಣ್ಣು ಅಂತ ಹೇಳಿದ್ದರು. ಈ ನಿಯಮವನ್ನು ಅವರು ಎಷ್ಟು ಗೌರವದಿಂದ ಹೇಳಿದರು ಅಂದರೆ... ದೇವರ ವಿಷಯ ಹೇಳಿದ ಹಾಗೆ.

ಆ ವರ್ಷ ಆಯುಧಪೂಜೆಗೆ ಶಾಲೆಯ ಸಾಮಾನುಗಳನ್ನೆಲ್ಲ ಸಾಲಾಗಿ ಇಟ್ಟರು. ಶಾಲೆಯ ಬಸ್ಸು, ತೋಟದ ಹಾರೆ, ನಾನು ಅನ್ನ ಬೇಯಿಸುವ ದೊಡ್ಡ ಚೆರಿಗೆ, ಸೌಟು, ಕೊನೆಯಲ್ಲಿ ಬಿಲ್ಲುಗಳು. ಶಾಲೆಯ ಸಂಚಾಲಕರು ತಾವೇ ಕೈಯಾರೆ ಎಲ್ಲದಕ್ಕೂ ಗಂಧ ಕುಂಕುಮ ಹಚ್ಚಿದರು. ದೊಡ್ಡ ಜನ, ಅವರ ಶಾಲೆ, ಬೇಡ ಅನ್ನುವುದು ಹೇಗೆ? ಮರುದಿನ ಮಾಸ್ಟ್ರು ಒದ್ದೆ ಬಟ್ಟೆ ತಂದು ಬಿಲ್ಲುಗಳನ್ನು ಉಜ್ಜಿದ್ದನ್ನು ನಾನೇ ನೋಡಿದ್ದೇನೆ. ಬೇರೆಯದ್ದರಿಂದ ಹೋಯಿತು. ನನ್ನ ಮಗಳ ಬಿಲ್ಲು ಹೊಸತು, ಕೈ ಹಿಡಿಯುವ ಜಾಗದ ಮೇಲೆ ಕೆಂಪು ಬಿದಿರಿನ ಒಳಗೇ ಇಳಿದಿತ್ತು. ಅಕ್ಕಿಕಾಳಿನಷ್ಟು ಉಳಿಯಿತು.

ಸ್ಪರ್ಧೆ ನಡೆದದ್ದು ಬಂಟ್ವಾಳದಲ್ಲಿ. ನಮ್ಮ ಮಕ್ಕಳಿಗೆ ಚಿತ್ರಾನ್ನ ಕಟ್ಟಿಕೊಂಡು ನಾನೂ ಹೋಗಿದ್ದೆ. ನಡೆಸುವವರು ಅಲ್ಲಿಯ ಒಂದು ಶಾಲೆಯವರು. ಅವರದ್ದೇ ಮೈದಾನ, ಅವರದ್ದೇ ಶಾಮಿಯಾನ, ತೀರ್ಪು ಕೊಡುವವರು ಕುಡಿದದ್ದೂ ಅವರದ್ದೇ ಚಹಾ. ಬೆಳಿಗ್ಗೆ ಬಿಲ್ಲು ನೋಡಿದವರು ಸರಿ ಉಂಟು ಅಂತ ಒಳಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ನನ್ನ ಮಗಳು ಎಲ್ಲರಿಗಿಂತ ಮುಂದೆ ಇದ್ದಳು. ಎರಡನೆಯದ್ದು ಆ ಶಾಲೆಯ ಹುಡುಗಿ. ಆಗ ನೋಡಿ ಮಾರಾಯ್ರೆ, ಬೆಳಿಗ್ಗೆ ಯಾರಿಗೂ ಕಾಣದ ಬೊಟ್ಟು ಊಟ ಆದ ಮೇಲೆ ಎಲ್ಲರಿಗೂ ಕಂಡಿತು. ನನ್ನ ಮಗಳ ಕೈಯಿಂದ ಬಿಲ್ಲು ಕಿತ್ತುಕೊಂಡರು. ಇದು ಗುರಿ ನೋಡುವ ಗುರುತು, ಈ ಹುಡುಗಿ ಆಟದಿಂದ ಹೊರಗೆ ಅಂದರು.

ಮಾಸ್ಟ್ರು ಜಗಳಕ್ಕೆ ಹೋಗಲಿಲ್ಲ. ನಮ್ಮದು ತಪ್ಪು, ಬೊಟ್ಟು ಇರಬಾರದಿತ್ತು, ನಾನು ಬೇರೆ ಬಿಲ್ಲು ಕೊಡಬೇಕಿತ್ತು, ಅಂತ ಕೈಮುಗಿದೇ ಶುರು ಮಾಡಿದರು. ಅದನ್ನು ಹಚ್ಚಿದ್ದು ಸಂಚಾಲಕರು ಅಂತ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆಮೇಲೆ ಆ ಎರಡನೆಯ ಹುಡುಗಿಯ ಬಿಲ್ಲು ತೋರಿಸಿದರು. ಅದಕ್ಕೆ ಅದೇ ಜಾಗದಲ್ಲಿ ಒಂದರ ಮೇಲೆ ಒಂದು ಬಿಳಿ ಪಟ್ಟಿ, ಮಕ್ಕಳ ಅಳತೆಪಟ್ಟಿಯ ಹಾಗೆ. ಎರಡಕ್ಕೂ ಟೇಪು ಅಂಟಿಸಿ ಆಟ ಮುಂದುವರಿಸಿ, ಇಲ್ಲದಿದ್ದರೆ ಎರಡನ್ನೂ ಹೊರಗಿಡಿ ಅಂತ ಕೇಳಿದರು.

"ಅದು ಕಂಪೆನಿಯಿಂದಲೇ ಬಂದ ಪಟ್ಟಿ. ನಿಮ್ಮದು ಕೈಯಿಂದ ಹಾಕಿದ್ದು" ಅಂತ ತೀರ್ಪಿನವರು.

"ಯಾರು ಹಾಕಿದ್ದು ಅಂತ ಬಾಣಕ್ಕೆ ಗೊತ್ತಾಗ್ತದಾ ಸಾರ್?"

ಅವರು ಚಹಾದ ಲೋಟ ಎತ್ತಿಕೊಂಡರು. ಟೇಪಿನ ಉಂಡೆ ಅವರ ಮೇಜಿನ ಮೇಲೆಯೇ ಇತ್ತು, ಅದರಲ್ಲಿಯೇ ಮಕ್ಕಳ ನಂಬರು ಅಂಟಿಸಿದ್ದು. ಕೈ ಚಾಚಿದರೆ ಮುಗಿಯುತ್ತಿತ್ತು. ಆ ಹುಡುಗಿಯ ಮೇಲೆ ನನಗೆ ಸಿಟ್ಟು ಇಲ್ಲ, ಅದು ಪಾಪದ ಮಗು, ತಲೆ ತಗ್ಗಿಸಿ ನಿಂತಿತ್ತು. ಆದರೆ ಆ ಮೇಜಿನ ಹಿಂದೆ ಕೂತಿದ್ದವರ ಮುಖ ಇವತ್ತಿಗೂ ಎದುರಿಗೆ ಬಂದರೆ... ಬೇಡ, ಬರೆಯುವುದಿಲ್ಲ.

ಆಗ ಮಾಸ್ಟ್ರು ಹೋಗಿ ಮಕ್ಕಳು ಬಾಣ ಬಿಡಲಿಕ್ಕೆ ನಿಲ್ಲುವ ಸುಣ್ಣದ ಗೆರೆಯ ಮೇಲೆ ಕೂತರು. ಇಬ್ಬರಿಗೂ ಒಂದೇ ನಿಯಮ ಮಾಡುವವರೆಗೆ ಏಳುವುದಿಲ್ಲ ಅಂದರು. ಆಟ ನಡೆಸುವವರು ಏನು ಮಾಡಿದರು ಗೊತ್ತುಂಟಾ? ಸುಣ್ಣದ ಡಬ್ಬ ತರಿಸಿ, ಹಲಗೆಗಳನ್ನೂ ಸರಿಸಿ, ಸ್ವಲ್ಪ ಆಚೆ ಹೊಸ ಗೆರೆ ಹಾಕಿ ಆಟ ಮುಂದುವರಿಸಿದರು. ಹಳೆಯ ಗೆರೆಯ ಮೇಲೆ ಮಾಸ್ಟ್ರು ಒಬ್ಬರೇ. ಸ್ವಲ್ಪ ಹೊತ್ತಿಗೆ ನನ್ನ ಮಗಳೂ ಹೋಗಿ ಅವರ ಪಕ್ಕದಲ್ಲಿ ಕೂತಳು. ಆ ಕಡೆ ಚಪ್ಪಾಳೆ ಕೇಳುತ್ತಿತ್ತು. ಚಿತ್ರಾನ್ನದ ಖಾಲಿ ಪಾತ್ರೆ ಹಿಡಿದು ನಾನು ನಡುವೆ ನಿಂತಿದ್ದೆ.

ಊರಿಗೆ ಬಂದ ಮೇಲೆ, ಶಾಲೆಯ ಮರ್ಯಾದೆ ತೆಗೆದಿರಿ ಅಂತ ನಮ್ಮ ಸಂಚಾಲಕರು ಮಾಸ್ಟ್ರನ್ನು ಕರೆಸಿದರು. ಚಹಾ ಕೊಡಲಿಕ್ಕೆ ಹೋದ ನಾನು ಬಾಗಿಲಲ್ಲೇ ಇದ್ದೆ. ಬಂಟ್ವಾಳದವರ ಹತ್ತಿರ ಹೋಗಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಬರುವ ವರ್ಷಕ್ಕೆ ಕೆಲಸ ಇಲ್ಲ ಅಂತ ಹೇಳಿದರು. ಕುಂಕುಮ ಹಚ್ಚಿದ ಆ ಕೈ ಮೇಜಿನ ಮೇಲೆಯೇ ಇತ್ತು, ಉಂಗುರ ಸಮೇತ!

"ಕುಂಕುಮಕ್ಕೆ ಕ್ಷಮೆ ಕೇಳ್ತೇನೆ. ಪಟ್ಟಿಗೆ ಕೇಳುವುದಿಲ್ಲ" ಅಂದರು ಮಾಸ್ಟ್ರು.

ಅರ್ಧ ಕ್ಷಮೆ ಯಾರಿಗೆ ಬೇಕಿತ್ತು? ಬಿಲ್ಲುಗಳು ಉಗ್ರಾಣಕ್ಕೆ ಹೋದವು. ವರ್ಷ ಮುಗಿಯುತ್ತಲೇ ಮಾಸ್ಟ್ರಿಗೂ ದಾರಿ ತೋರಿಸಿದರು. ಹೋಗುವ ದಿನ ಅಡುಗೆಕೋಣೆಗೆ ಬಂದರು, ನಿಂತುಕೊಂಡೇ ಉಂಡರು. ಮಗಳು ಇನ್ನು ಬಿಲ್ಲು ಮುಟ್ಟುವುದಿಲ್ಲ ಅಂತ ಹಟ ಹಿಡಿದಿದ್ದಾಳೆ, ನೀವಾದರೂ ಸ್ವಲ್ಪ ಬುದ್ಧಿ ಹೇಳಿ ಅಂದೆ. ಅವರು ಬಟ್ಟಲು ಕೆಳಗಿಟ್ಟರು.

"ಬೈಬೇಡಿ ಅಕ್ಕ. ಬಾಣ ಬಿಡದಿದ್ದರೆ ಬೇಡ. ಆದರೆ ತನ್ನ ಕೈ ಸರಿ ಇರಲಿಲ್ಲ, ಅದಕ್ಕೆ ಸೋತದ್ದು ಅಂತ ಅವಳು ತಿಳಿಯಬಾರದು. ಅದೊಂದು ನೋಡಿಕೊಳ್ಳಿ."

ಅದೊಂದನ್ನು ನೋಡಿಕೊಳ್ಳಲಿಕ್ಕೆ ನನ್ನಿಂದ ಪೂರ್ತಿ ಆಗಲಿಲ್ಲ. ಎಷ್ಟು ಹೇಳಿದರೂ ಅವಳು ಆ ಮಾತು ಎತ್ತಲಿಕ್ಕೆ ಬಿಡುತ್ತಿರಲಿಲ್ಲ, ಎದ್ದು ಹೋಗುತ್ತಿದ್ದಳು. ಮುಂದೆ ಅವಳ ಮಗಳು ಶಾಲೆಯಲ್ಲಿ ಬಿಲ್ಲು ಹಿಡಿದಾಗ ಮಾತ್ರ ಬೇಡ ಅನ್ನಲಿಲ್ಲ. ಮಾಸ್ಟ್ರು ಕುಂದಾಪುರದ ಕಡೆ ತಮ್ಮ ಊರಿಗೆ ಹೋದವರು ಯಾವುದೋ ಅಂಗಡಿಯಲ್ಲಿ ಕೂರುತ್ತಿದ್ದರಂತೆ. ಕೆಲವು ವರ್ಷ ಆದ ಮೇಲೆ, ತೀರಿಕೊಂಡರು ಅಂತ ಹಳೆಯ ಟೀಚರೊಬ್ಬರು ಪೇಟೆಯಲ್ಲಿ ಸಿಕ್ಕಿ ಹೇಳಿದರು. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದುಹೋಗಿತ್ತು. ಹೋಗಿ ಒಂದು ಕೈ ಮುಗಿಯುವ ಭಾಗ್ಯವೂ ನಮಗೆ ಸಿಗಲಿಲ್ಲ...

ಇವತ್ತು ಸಂಜೆ ಮನೆಯಲ್ಲಿ ಕೋರಿರೊಟ್ಟಿ. ಕೋಳಿ ತಂದದ್ದು ಅಳಿಯ, ತೆಂಗಿನಕಾಯಿ ಅರೆದು ಸಾರು ಮಾಡಿದ್ದು ನಾನು. ಎಲ್ಲರೂ ನೆಲದಲ್ಲಿಯೇ ಸುತ್ತ ಕೂತೆವು. ರೊಟ್ಟಿ ಮುರಿಯುವ ಸದ್ದಿನ ನಡುವೆ ಮೊಮ್ಮಗಳು ಕೇಳಿದಳು, ಅಮ್ಮ ನೀನು ಬೆಳಿಗ್ಗೆ ಯಾಕೆ ಅತ್ತದ್ದು, ನಾನಿನ್ನೂ ಒಂದು ಬಾಣವನ್ನೂ ಬಿಟ್ಟಿರಲಿಲ್ಲ ಅಲ್ಲ. ಮಗಳು ಎದ್ದು ಹೋಗ್ತಾಳೆ ಅಂತ ನಾನು ತಿಳಿದೆ. ಹೋಗಲಿಲ್ಲ. ಹೇಳಲಿಕ್ಕೆ ಶುರು ಮಾಡಿದಳು. ಬೊಟ್ಟು, ಪಟ್ಟಿ, ಸುಣ್ಣದ ಗೆರೆ, ಎಲ್ಲವನ್ನೂ. ಅಳಿಯನಿಗೆ ಸಹ ಇದು ಗೊತ್ತಿರಲಿಲ್ಲ, ಅವನು ಉಣ್ಣುವುದನ್ನು ನಿಲ್ಲಿಸಿ ಕೇಳಿದ.

ಹೇಳುತ್ತಾ ಹೇಳುತ್ತಾ ಅವಳ ಎಡಗೈ ಮುಂದೆ ಹೋಯಿತು. ಸಾರು ಮೆತ್ತಿದ ಬಲಗೈಯನ್ನು ಹಿಂದಕ್ಕೆ ಎಳೆದು ಗಲ್ಲಕ್ಕೆ ತಂದು ನಿಲ್ಲಿಸಿದಳು. "ಹೀಗೆ ಹಿಡಿದಿದ್ದೆ ನಾನು. ನನ್ನ ಕೈ ಸರಿ ಇತ್ತು" ಅಂದಳು.

ಮೊಮ್ಮಗಳು ಒಂದು ಕಣ್ಣು ಮುಚ್ಚಿ ನೋಡಿದಳು. "ಹೌದಮ್ಮ, ಸರಿ ಉಂಟು" ಅಂದಳು.

ಸಾರು ಮೊಣಕೈವರೆಗೆ ಇಳಿಯುತ್ತಿತ್ತು, ಮಗಳು ಕೈ ಇಳಿಸಲಿಲ್ಲ. ಇದನ್ನು ನೋಡಬೇಕಾದವರು ಇಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ತಣಿಯುತ್ತದೆ, ಉಣ್ಣಿ ಅಂತ ಹೇಳಿ ಎಲ್ಲರ ಬಟ್ಟಲಿಗೂ ಇನ್ನೊಂದು ಸೌಟು ಬಡಿಸಿದೆ.